ಬ್ಯಾರನ್ನಲ್ಲಿ ಹುಟ್ಟಿದವನು

"ನಾನೆಲ್ಲಿ ಹುಟ್ದೆ ಅಂತ ನಿಂಗೊತ್ತಿಲ್ವೇನ್ಲಾ? ಬಾಯ್ಬಿಟ್ಟು ಯೇಳು! ಇದೇ ಬ್ಯಾರನ್ನಲ್ಲಿ ಕಣ್ಲಾ, ನೀನ್ ನಿಂತಿದ್ದೀಯಲ್ಲ, ಅಲ್ಲೇ!"

"ಕೂಗ್ಬ್ಯಾಡ ವಂಗ್ಡು. ಆಳುಗಳವ್ರೆ."

"ಇರ್ಲಿ, ಕೇಳಿಸ್ಕಳ್ಲಿ. ಪೊಲೀಸ್ನೋನ್ ಮುಂದೆ ಏನಂದೆ ಅಂತ ಅವ್ರಿಗೂ ಗೊತ್ತಾಗ್ಲಿ. ಇವ್ನು ಟಿಬೆಟ್ಟಿಂದ ಬಂದೋನು ಅಂದ್ಯಂತೆ. ನಮ್ಮವ್ವಂಗೆ ಬುದ್ಧಿ ನೆಟ್ಟಗಿಲ್ಲ, ಅವ್ಳ ಮಾತು ಬರ್ಕಬ್ಯಾಡಿ ಅಂದ್ಯಂತೆ. ಇಲ್ಲ ಅನ್ನು ನೋಡಾನ."

ನಂಜುಂಡಸ್ವಾಮಿ ಇಲ್ಲ ಅನ್ನಲಿಲ್ಲ. ಗೋಡೆಗೆ ಒರಗಿಸಿದ್ದ ಸೌದೆಯಲ್ಲಿ ಒಂದನ್ನು ಎಳೆದು ಬ್ಯಾರನ್ನಿನ ಒಲೆಯ ಬಾಯಿಗೆ ತುರುಕಿದ. ತುರುಕಬೇಕಾದ ಹೊತ್ತಾಗಿರಲಿಲ್ಲ. ಒಳಗೆ ಅಟ್ಟ ಅಟ್ಟವಾಗಿ ತೂಗುಬಿಟ್ಟಿದ್ದ ಹೊಗೆಸೊಪ್ಪು ಆಗಷ್ಟೇ ಹಳದಿಗೆ ತಿರುಗುತ್ತಿತ್ತು. ಈಗ ಕಾವು ಏರಿದರೆ ಸೊಪ್ಪು ಹಸಿರಾಗೇ ಸಾಯುತ್ತದೆ, ಆಮೇಲೆ ಅದನ್ನು ಯಾರೂ ಮೂಸುವುದಿಲ್ಲ. ತಿಳಿದವನು ಮಾಡುವ ಕೆಲಸವಲ್ಲ. ಅದು ಹೊಳೆದ ಕೂಡಲೇ ಸೌದೆಯನ್ನು ಮತ್ತೆ ಹೊರಗೆಳೆದ. ತುದಿ ಹೊಗೆಯಾಡುತ್ತಿತ್ತು. ಅದನ್ನು ಕೈಯಲ್ಲೇ ಹಿಡಿದು ನಿಂತ.

"ನಾಕೆಕ್ರೆ ಕೈಬುಟ್ಟೋಯ್ತದೆ ಅಂತ ತಾನೆ?" ವಂಗ್ಡು ಈಗ ದನಿ ಇಳಿಸಿದ್ದ. ಕೂಗಿದ್ದಕ್ಕಿಂತ ಇದು ಹೆಚ್ಚು ತಾಕಿತು. "ಅದ್ನೇ ನೇರವಾಗಿ ಯೇಳಿದ್ರೆ ಆಗ್ತಿರ್ಲಿಲ್ವಾ?"

"ಊ ಕಣ್ಲಾ, ಅದ್ಕೇ! ಇಪ್ಪತ್ತೆರಡು ವರ್ಷ ಗೇದಿವ್ನಿ ಆ ಹೊಲದಾಗೆ. ನೀನು ಇಂಡಿಯಾದೋನು ಆಗ್ಬುಟ್ಟು ಕ್ಯಾಂಪಿಗೆ ಜಮೀನು ವಾಪಸ್ ಬರ್ಕೊಟ್ಟು ಎದ್ದೋದ್ರೆ ನಾನೇನ್ ಮಣ್ಣು ತಿನ್ಲಾ? ನಿಮ್ಮಪ್ಪ ಬಂದಾಗ ಕೊಟ್ಟಿದ್ದು ಯಾರ ಜಾಗ? ನಮ್ದು. ಅರವತ್ ವರ್ಷ ಉಂಡಿದ್ದು ಸಾಲ್ದು ಅಂತ ಈಗ ಮನೇನೂ ಬೇಕಾ ನಿಮ್ಗೆ?"

ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದ ನಾಲ್ಕು ಹೆಂಗಸರ ಕೈಗಳು ಒಟ್ಟಿಗೇ ನಿಂತವು. ವಂಗ್ಡು ಅವನ ಮುಖವನ್ನೇ ನೋಡಿದ. ಆ ಚಪ್ಪಟೆ ಮುಖದಲ್ಲಿ ಸಿಟ್ಟು ಎಲ್ಲಿಂದ ಶುರುವಾಗುತ್ತದೆ ಎಂದು ನಂಜುಂಡಸ್ವಾಮಿಗೆ ಚಿಕ್ಕಂದಿನಿಂದ ಗೊತ್ತು. ಮೊದಲು ಕಿವಿ ಕೆಂಪಾಗುತ್ತದೆ. ಈಗ ಕಿವಿಯ ಕೆಂಪು ಇಳಿಯುತ್ತಿತ್ತು.

"ನಿನ್ ಕೇಳಕ್ಕೆ ಬಂದಿಲ್ಲ ನಾನು. ಅವ್ವನ್ ಕೇಳಕ್ ಬಂದಿವ್ನಿ. ನಾಳೆ ಸಂಜೆ ಗಂಟ ಟೈಮ್ ಕೊಟ್ಟವ್ರೆ. ಪಿರಿಯಾಪಟ್ಟಣದಾಗೆ ನೋಟರಿ ಮುಂದೆ ಒಂದ್ ಹೆಬ್ಬೆಟ್ಟು ಒತ್ತಿದ್ರೆ ಸಾಕು, ನಾನು ಹೆರಿಗೆ ಮಾಡ್ಸಿದ್ದು ಅಂತ."

"ಅವ್ವ ಮಲಗವ್ಳೆ. ಮೈಗೆ ಉಸಾರಿಲ್ಲ."

ಐವತ್ತು ಹೆಜ್ಜೆ ಆಚೆ, ಮನೆಯ ಜಗಲಿಯಿಂದ, ಕುಟ್ಟಾಣಿಯ ಸದ್ದು ಬಂತು. ಟಣ್ ಟಣ್ ಟಣ್. ಹಲ್ಲಿಲ್ಲದ ಅವ್ವ ಪುಟ್ಟಲಕ್ಷ್ಮಿ ಎಲೆಯಡಿಕೆ ಕುಟ್ಟುತ್ತಿದ್ದಳು. ಸೊಪ್ಪು ಕಟ್ಟುವ ಹೆಂಗಸೊಬ್ಬಳು ಸೆರಗಿಗೆ ಬಾಯಿ ಒತ್ತಿಕೊಂಡು ನಕ್ಕಳು. ವಂಗ್ಡು ಮನೆಯ ಕಡೆ ತಿರುಗಿದ.

"ಒಂದೆಜ್ಜೆ ಇಟ್ರೆ ಕಾಲ್ ಮುರೀತೀನಿ!" ಸೌದೆ ಮೇಲಕ್ಕೆ ಎದ್ದಿತ್ತು. ತಾನೇ ಎತ್ತಿದ್ದು ಎಂದು ನಂಜುಂಡಸ್ವಾಮಿಗೆ ಆಮೇಲೆ ತಿಳಿಯಿತು.

ವಂಗ್ಡು ಸೌದೆಯನ್ನು ನೋಡಿದ. "ಇಡಲ್ಲ ಬುಡು," ಎಂದ. "ನಿನ್ ಮನೆ ವಸ್ಲಿಗೆ ಇನ್ ಕಾಲಿಡಲ್ಲ." ಸ್ಕೂಟರು ಮೊದಲ ಒದೆತಕ್ಕೆ ಶುರುವಾಗಲಿಲ್ಲ, ಎರಡನೆಯದಕ್ಕೂ ಆಗಲಿಲ್ಲ. ಅಷ್ಟು ಹೊತ್ತೂ ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ನಿಲ್ಲಬೇಕಾಯಿತು. ಆರನೆಯ ಒದೆತಕ್ಕೆ ಹೊತ್ತಿಕೊಂಡಿತು.

ಹೆಂಗಸರು ಮತ್ತೆ ಕೈ ಆಡಿಸತೊಡಗಿದರು. ಯಾರೋ "ಪಾಪ" ಅಂದರು. ಯಾರಿಗೆ ಪಾಪ ಎಂದು ಕೇಳಬೇಕೆನ್ನಿಸಿತು. ಕೇಳಿದರೆ ಅವರು ಹೇಳಿಯೇಬಿಟ್ಟಾರು. ನಂಜುಂಡಸ್ವಾಮಿ ಬ್ಯಾರನ್ನಿನ ಬಾಗಿಲ ಸಂದಿಯಿಂದ ಒಳಗೆ ಇಣುಕಿದ. ಕಿಟಕಿಯಿಲ್ಲದ ಎತ್ತರದ ಮಣ್ಣಿನ ಕೋಣೆ, ನೆಲದ ಮೇಲೆ ಕಾವು ಹರಿಸುವ ತಗಡಿನ ಕೊಳವೆ, ಮೇಲೆ ಸಾಲುಸಾಲು ಸೊಪ್ಪು. ಬಿಸಿ ಸಿಹಿ ವಾಸನೆ ಮುಖಕ್ಕೆ ಹೊಡೆಯಿತು. ತೂಗುಬಿಟ್ಟ ಥರ್ಮಾಮೀಟರಿನ ಅಂಕಿ ಕಾಣಲಿಲ್ಲ, ಕಣ್ಣು ಮಂಜಾಗಿತ್ತು. ಹೊಗೆಯಿಂದ ಎಂದುಕೊಂಡ. ಅಂಗೈಗೆ ಮೆತ್ತಿದ್ದ ಸೊಪ್ಪಿನ ಅಂಟನ್ನು ಪಂಚೆಗೆ ಉಜ್ಜಿದ, ಹೋಗಲಿಲ್ಲ. ಅದು ಸೋಪಿಗೂ ಹೋಗುವುದಿಲ್ಲ. ಆಷಾಢದಿಂದ ಭಾದ್ರಪದದವರೆಗೆ ಈ ಸೀಮೆಯ ಗಂಡಸರು ಹೆಂಗಸರು ಕಪ್ಪು ಅಂಗೈಯಲ್ಲೇ ಉಣ್ಣುತ್ತಾರೆ. ಪೊಲೀಸಿನ ಲಿಂಗರಾಜು ಕೂಡ ಅದನ್ನೇ ನೋಡಿ ಮಾತು ತೆಗೆದಿದ್ದ: "ಏನ್ ಸ್ವಾಮಿ, ಈ ವರ್ಷ ಸೊಪ್ಪು ಜೋರಾ?" ರಸ್ತೆ ಬದಿಯ ಟೀ ಅಂಗಡಿ, ಇಪ್ಪತ್ತು ದಿನದ ಕೆಳಗೆ, ಬೆಳಿಗ್ಗೆ ಹನ್ನೊಂದು ಗಂಟೆ. ಲಿಂಗರಾಜು ಒಂದು ಕಾಲನ್ನು ಬೆಂಚಿನ ಮೇಲಿಟ್ಟು, ಮೊಣಕಾಲ ಮೇಲೆ ಕಾಗದ ಹರಡಿಕೊಂಡಿದ್ದ. ಪಾಸ್‌ಪೋರ್ಟಿನ ವಿಚಾರಣೆ. ಎರಡು ಮಾತು ಕೇಳಿ ಹೋಗುತ್ತೇನೆ, ನೀವು ಅಕ್ಕಪಕ್ಕದವರಲ್ಲವಾ ಎಂದ. ಹಾಗೆ ಯಾರಾದರೂ ಕಾಗದ ಹಿಡಿದು ತನ್ನ ಮಾತು ಕೇಳಿ ಎಷ್ಟೋ ಕಾಲವಾಗಿತ್ತು. ನಂಜುಂಡಸ್ವಾಮಿ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು ಕೂತಿದ್ದ.

"ಈ ವಂಗ್ಡು ಅನ್ನೋರು ಹುಟ್ಟಿದ್ದೆಲ್ಲಿ? ಇವ್ರು ನಿಮ್ ಜಮೀನು, ನಿಮ್ ಬ್ಯಾರನ್ನು ಅಂತ ಬರ್ದವ್ರೆ." ಲಿಂಗರಾಜು ತಲೆಯೆತ್ತಿ ಕಣ್ಣು ಮಿಟುಕಿಸಿದ. "ಉಸಾರು ಸ್ವಾಮಿ. ಇಂಡಿಯಾದೋನು ಅಂತಾದ್ಮೇಲೆ, ಇಲ್ಲೇ ಹುಟ್ದೆ, ನಂಗೂ ಪಾಲು ಅಂತ ಬಂದಾನು!" ಅದು ತಮಾಷೆ. ಅಂಗಡಿಯವನೂ ನಕ್ಕ. ನಂಜುಂಡಸ್ವಾಮಿಗೂ ಅದು ತಮಾಷೆಯೆಂದು ಗೊತ್ತು. ಹುಟ್ಟಿದ ಜಾಗಕ್ಕೆ ಯಾರೂ ಪಾಲು ಕೊಡುವುದಿಲ್ಲ, ಹಾಗೆ ಕೊಡುವುದಾದರೆ ಆಸ್ಪತ್ರೆಗಳೆಲ್ಲ ಊರವರ ಪಾಲಾಗುತ್ತಿದ್ದವು. ಆದರೂ ಅದರ ಹಿಂದೆಯೇ ನಾಲ್ಕು ಎಕರೆ ಬಂದು ನಿಂತಿತು. ಕ್ಯಾಂಪಿನ ಜಮೀನು ಸರ್ಕಾರದ್ದು, ಟಿಬೆಟಿನವರಿಗೆ ಗೇಯಲು ಕೊಟ್ಟದ್ದು. ವಂಗ್ಡುವಿನ ಪಾಲಿಗೆ ಬಂದದ್ದನ್ನು ಅವನಪ್ಪ ಸತ್ತ ವರ್ಷದಿಂದ ನಂಜುಂಡಸ್ವಾಮಿಯೇ ಉಳುತ್ತಿದ್ದ, ಕಾಗದವಿಲ್ಲ, ಪತ್ರವಿಲ್ಲ. ಪಾಸ್‌ಪೋರ್ಟು ಬೇಕಾದರೆ ನಿರಾಶ್ರಿತರ ಬುಕ್ಕು ಒಪ್ಪಿಸಬೇಕು, ಕ್ಯಾಂಪಿನ ಮನೆ ಜಮೀನು ಬಿಡಬೇಕು ಎಂದು ವಂಗ್ಡುವೇ ಬಂದು ಹೇಳಿದ್ದ. ಮುಚ್ಚಿಡುವ ಬುದ್ಧಿ ಅವನಿಗಿರಲಿಲ್ಲ. ಬಿಡೋದು ಬಿಡಾನ ಕಣ್ಲಾ, ವರ್ಷ ವರ್ಷ ಹೋಗಿ ವಿದೇಶಿಯ ಅಂತ ಸೀಲ್ ಹೊಡಿಸ್ಕಂಡು ಬರಕ್ಕೆ ನಾಚ್ಕೆ ಆಯ್ತದೆ, ಕೊಪ್ಪದ ಕಡೆ ಒಂದರ್ಧ ಎಕರೆ ನನ್ನ ಹೆಸರಲ್ಲಿ ತಗಂಡ್ರೆ ಸಾಕು ಅಂದಿದ್ದ. ತಗೊಳ್ಳೋ, ಒಳ್ಳೇದಾಯ್ತು ಅಂದಿದ್ದವನೂ ತಾನೇ. ಆ ಮಾತು ಆಡುವಾಗ ಕಣ್ಣು ಮಾತ್ರ ವಂಗ್ಡುವಿನ ಭುಜದಾಚೆ ಕಾಣುತ್ತಿದ್ದ ಕೆಂಪು ಹೊಲದ ಮೇಲೆ ಇತ್ತು.

"ಸ್ಕೂಲಿನ ರಿಜಿಸ್ಟರಲ್ಲಿ ಏನೈತೆ ಸಾ?" ಎಂದು ನಂಜುಂಡಸ್ವಾಮಿ ಲಿಂಗರಾಜುವನ್ನು ಕೇಳಿದ್ದ. ಏನಿದೆಯೆಂದು ಅವನಿಗೆ ಗೊತ್ತಿತ್ತು. "ಹುಟ್ಟಿದ ಸ್ಥಳ ಟಿಬೆಟ್ ಅಂತೈತೆ." "ಅಂಗಾರೆ ಅದೇ ಸರಿ ಇರ್ತದೆ ಸಾ. ನಾವು ಚಿಕ್ಕೋರು, ನಮ್ಗೇನ್ ಗೊತ್ತು." ಲಿಂಗರಾಜು ಬರೆದುಕೊಂಡ. ಟೀ ಮೇಲೆ ಕೆನೆ ಕಟ್ಟಿತ್ತು. "ಹೆರಿಗೆ ಮಾಡ್ಸಿದ್ದು ನಿಮ್ ತಾಯಿ ಅಂತ ಬರ್ದವ್ರಲ್ಲ?" "ಅವ್ವಂಗೆ ಈಗ ಮರೆವು ಸಾ. ಬುದ್ಧಿ ನೆಟ್ಟಗಿಲ್ಲ. ಸತ್ತೋದ ಹಸಿನ ಹೆಸ್ರು ಇಡ್ಕಂಡು ಇರೋ ಹಸ ಕರೀತಾಳೆ." ಅದು ಸುಳ್ಳಲ್ಲ. ಪುಟ್ಟಲಕ್ಷ್ಮಿ ಮನೆಗೆ ಬಂದ ಹಸುವನ್ನೆಲ್ಲ ಗೌರಿ ಎಂದೇ ಕರೆಯುತ್ತಿದ್ದಳು, ಮೂವತ್ತು ವರ್ಷದಿಂದ. ಸುಳ್ಳಲ್ಲದ್ದನ್ನು ಹೇಳಿ ಸುಳ್ಳು ಬರೆಸುವುದು ಇಷ್ಟು ಸಲೀಸೆಂದು ಅವನಿಗೆ ಗೊತ್ತಿರಲಿಲ್ಲ. ಕಾಗದ ಮುಂದೆ ಬಂದಾಗ ತನ್ನ ಹೆಸರನ್ನು ಪೂರ್ತಿಯಾಗಿ, ಇನಿಷಿಯಲ್ ಸಮೇತ, ನಿಧಾನವಾಗಿ ಬರೆದ. ಅಂಗೈಯ ಅಂಟು ಕಾಗದದ ಅಂಚಿಗೆ ಮೆತ್ತಿತು. ಟೀ ಕಾಸನ್ನು ಲಿಂಗರಾಜುವೇ ಕೊಟ್ಟ.

ಮೋಡ ಕವಿದುಕೊಂಡು ಜಿನುಗುವಂತಾಯಿತು. ಹೆಂಗಸರು ಸೊಪ್ಪಿನ ರಾಶಿಯನ್ನು ಚಪ್ಪರದ ಒಳಕ್ಕೆ ಎಳೆದರು. ಶಾಲೆಯಲ್ಲಿ ಟಿಬೆಟ್ ಅಂತ ಬರೆಸಿದವನು ನಂಜುಂಡಸ್ವಾಮಿಯ ಅಪ್ಪ. ಮೊದಲ ದಿನ ಇಬ್ಬರನ್ನೂ ಒಂದೊಂದು ಕೈಯಲ್ಲಿ ಹಿಡಿದುಕೊಂಡು ಊರ ಶಾಲೆಗೆ ಕರೆದೊಯ್ದವನೂ ಅವನೇ. ವಂಗ್ಡುವಿನ ಅಪ್ಪನಿಗೆ ಕನ್ನಡ ಬಾರದು, ಬಾಗಿಲ ಹೊರಗೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಹೆಡ್‌ಮಾಸ್ಟರ್ ಪುಟ್ಟಮಲ್ಲಪ್ಪನವರು ಯಾವ ಮಗುವಿಗಾದರೂ ಜೂನ್ ಒಂದನೇ ತಾರೀಖನ್ನೇ ಬರೆಯುತ್ತಿದ್ದರು. ಹುಟ್ಟಿದ ಊರು ಅಂದರು. ಅಪ್ಪ ಸ್ವಲ್ಪ ಯೋಚಿಸಿ, "ಟಿಬೆಟ್ಟು ಅಂತ್ಲೇ ಬರ್ಕಳಿ ಸಾ. ಅಲ್ಲಿಂದ ಬಂದ್ ಮಕ್ಕಳಿಗೆ ಹೊರ್ಗಡೆ ದೇಶ್ದೋರು ಬಟ್ಟೆ ಬರೆ ಕೊಡ್ತಾರಂತೆ. ಇಲ್ಲೇ ಹುಟ್ಟಿದ್ದು ಅಂದ್ರೆ ಯಾರ್ ಕೊಟ್ಟಾರು?" ಎಂದ. ಪುಟ್ಟಮಲ್ಲಪ್ಪನವರು ನಕ್ಕು ಬರೆದರು. ಒಳ್ಳೆಯ ಮನಸ್ಸಿನ ಸುಳ್ಳು. ಆರು ತಿಂಗಳಲ್ಲಿ ವಂಗ್ಡುವಿಗೆ ಬಟ್ಟೆ ಬರೆ ಕಳಿಸಲು ಕಡಲಾಚೆಯ ಯಾರೋ ಮುದುಕಿಯೊಬ್ಬಳು ಗೊತ್ತಾದಳು. ಅವಳಿಗೆ ಕಳಿಸಲು ಫೋಟೋ ತೆಗೆಯುವಾಗ ನಗಬೇಡ ಎಂದು ಹೇಳಿ ಹರಿದ ಕೋಟು ತೊಡಿಸಿದ್ದರು. ಹಿಮದ ಬೆಟ್ಟ ದಾಟಿ ಬಂದ ಮಗು. ಹಿಮದ ಬೆಟ್ಟ ದಾಟಿ ಬಂದ ಮಗು ಅದರ ಹಿಂದಿನ ದಿನ ನಂಜುಂಡನ ಜೊತೆ ಕೆರೆಯಲ್ಲಿ ಏಡಿ ಹಿಡಿಯುತ್ತಿತ್ತು. ಹಾಲಿನ ಪುಡಿಯ ಡಬ್ಬಿ ಬಂದಾಗ ಅರ್ಧ ಈ ಮನೆಗೆ ಬರುತ್ತಿತ್ತು. ನೀರು ಹಾಕದೆ ಒಣ ಪುಡಿಯನ್ನೇ ಅಂಗುಳಿಗೆ ಅಂಟಿಸಿಕೊಂಡು ಇಬ್ಬರೂ ನೆಕ್ಕುತ್ತಿದ್ದರು. ಒಂದು ವರ್ಷ ಕೆಂಪು ಸ್ವೆಟರು ಬಂತು, ಒಂದೇ. ಅದನ್ನು ವಂಗ್ಡುವಿನ ತಾಯಿ ತೊಳೆದು ಮಡಿಸಿ ತಂದು ನಂಜುಂಡನಿಗೆ ಹಾಕಿದಳು, ಅವನಿಗೆ ಕೆಮ್ಮಿತ್ತು. ಆ ಉಣ್ಣೆ ಕತ್ತಿಗೆ ಚುಚ್ಚುತ್ತಿದ್ದದ್ದು ಈಗ, ಒಲೆಯ ಮುಂದೆ ಕೂತವನ ಕತ್ತಿಗೆ ಮತ್ತೆ ಬಂತು. ಅಪ್ಪನ ಸುಳ್ಳನ್ನು ತಾನು ಕದಲಿಸಲಿಲ್ಲ, ಅಷ್ಟೇ. ಹೊಸದಾಗಿ ಏನೂ ಹೇಳಿಲ್ಲ. ಹಾಗೆಂದು ನಾಲ್ಕು ಸಲ ಮನಸ್ಸಿನಲ್ಲಿ ಹೇಳಿಕೊಂಡ, ಐದನೆಯ ಸಲ ಬಾಯಿಂದಲೇ ಬಂತು. ಸೊಪ್ಪು ಕಟ್ಟುವವರು ತಿರುಗಿ ನೋಡಿದರು.

ಅವನಿಗೆ ಎಲ್ಲರ ಮೇಲೂ ಸಿಟ್ಟು ಬಂತು. ಎಲ್ಲಿಯೋ ಯಾವುದೋ ದೊರೆ ಯಾವುದೋ ಬೆಟ್ಟ ನನ್ನದು ಅನ್ನುತ್ತಾನೆ, ಜನ ಓಡಿ ಬರುತ್ತಾರೆ, ಇಲ್ಲಿ ಕಾಡು ಕಡಿದು ಜೋಳ ಹಾಕುತ್ತಾರೆ. ಡೆಲ್ಲಿಗೆ ಚೀನಾದ ದೊಡ್ಡ ಮನುಷ್ಯ ಬಂದು ಊಟ ಮಾಡಿದರೆ ಇಲ್ಲಿ ಕ್ಯಾಂಪಿನ ಗೇಟಿಗೆ ಜೀಪು ಬಂದು ನಿಲ್ಲುತ್ತದೆ, ಮೂರು ದಿನ ಯಾರೂ ಮೈಸೂರಿಗೆ ಹೋಗುವಂತಿಲ್ಲ. ಗಡಿಯಲ್ಲಿ ನಮ್ಮ ಸೈನಿಕರು ಸತ್ತ ವರ್ಷ, ಕಾಯಿಲೆಯೂ ಅದೇ ವರ್ಷ, ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಹುಡುಗರು ವಂಗ್ಡುವನ್ನು ಸುತ್ತುಗಟ್ಟಿ "ಲೇ ಚೀನಾ, ಊರಿಗೋಗ್ಲಾ" ಎಂದು ಕೂಗಿದ್ದರು. ವಂಗ್ಡು ಅಚ್ಚ ಕನ್ನಡದಲ್ಲಿ ಅವರ ತಾತಂದಿರವರೆಗೂ ಬೈದ. ಹುಡುಗರು ದಂಗಾಗಿ ನಕ್ಕರು. ನಂಜುಂಡಸ್ವಾಮಿ ಹತ್ತು ಮಾರು ದೂರದಲ್ಲಿ ಬೀಡಿ ಹಚ್ಚಿಕೊಂಡು ನಿಂತಿದ್ದ. ಅವನೂ ನಕ್ಕ. ವಂಗ್ಡುವಿನ ಬೈಗುಳಕ್ಕೆ ನಕ್ಕನೋ, ಮೊದಲ ಮಾತಿಗೇ ನಕ್ಕನೋ? ಬಸ್ಸಿನಲ್ಲಿ ಪಕ್ಕ ಕೂತಾಗ ವಂಗ್ಡು ಕೇಳಿರಲಿಲ್ಲ. ಕೇಳಿದ್ದರೆ ಬೈದು ಮುಗಿಸಬಹುದಿತ್ತು. ಕ್ಯಾಂಪಿನ ಹಿರಿಯರೂ ಈಗ ಅವನೊಡನೆ ಮಾತು ಬಿಟ್ಟಿದ್ದಾರಂತೆ. ಬುಕ್ಕು ಒಪ್ಪಿಸಿದರೆ ನಮ್ಮ ದೇಶ ಬೇಡ ಎಂದು ಬರೆದುಕೊಟ್ಟ ಹಾಗೆ, ನಿಮ್ಮಪ್ಪ ಸಾಯುವಾಗ ಊರಿಗೆ ಹೋಗೋಣ ಅಂದಿರಲಿಲ್ಲವಾ ಎಂದು ಅವನ ಸ್ವಂತ ತಂಗಿಯೇ ಮುಖದ ಮೇಲೆ ಬಾಗಿಲು ಹಾಕಿದಳಂತೆ. ಅತ್ತ ಅವರು, ಇತ್ತ ನಾನು. ನಡುವೆ ಆ ಕೆಟ್ಟ ಸ್ಕೂಟರು. ಒಂದು ಘಳಿಗೆ ನಂಜುಂಡಸ್ವಾಮಿಗೆ ಮರುಕ ಬಂತು. ಮರುಕದ ಬೆನ್ನಿಗೇ, ಈ ಸೊಪ್ಪು ಇಳಿಸುವವರೆಗಾದರೂ ಆ ಕಾಗದ ತಡವಾದರೆ ಸಾಕು, ಹೊಲದಲ್ಲಿ ಇನ್ನೂ ಎರಡು ಸಲ ಮುರಿಯುವಷ್ಟು ಸೊಪ್ಪಿದೆ ಎಂಬ ಲೆಕ್ಕ ಬಂತು. ತನಗೇ ಹೇಸಿಗೆಯಾಗಿ ಉಗುಳಿದ.

"ಯಾರ್ಲಾ ಬಂದಿದ್ದು?"

ಪುಟ್ಟಲಕ್ಷ್ಮಿ ಕೋಲೂರಿಕೊಂಡು ಬಂದು ಬ್ಯಾರನ್ನಿನ ಕಟ್ಟೆಯ ಮೇಲೆ ಕೂತಿದ್ದಳು. ಬಂದದ್ದೇ ಗೊತ್ತಾಗಿರಲಿಲ್ಲ. ಎಪ್ಪತ್ತೈದು ದಾಟಿದ ಮುದುಕಿ, ಒಣ ಸೌದೆಯ ಹಾಗೆ. ಕೈಗಳು ಮಾತ್ರ ಮೈಗೆ ಸೇರದ ಹಾಗೆ ದೊಡ್ಡವು. ಅತ್ತೆಯಿಂದ ಕಲಿತ ಸೂಲಗಿತ್ತಿಯ ಕೆಲಸ. ಪಕ್ಕದ ಐದಾರು ಹಳ್ಳಿಗಳಲ್ಲಿ ನಲವತ್ತು ದಾಟಿದವರನ್ನು ಕಂಡರೆ ಅವಳು ಮುಖ ನೋಡುವುದಿಲ್ಲ, ತಲೆಯ ಆಕಾರ ನೋಡುತ್ತಾಳೆ.

"ಯಾರೂ ಇಲ್ಲ ಬುಡವ್ವ."

"ನಂಗೆ ಕಣ್ ಮಂಜು, ಕಿವಿ ನೆಟ್ಟಗೈತೆ. ವಂಗ್ಡು ಸ್ಕೂಟ್ರು ಅದು. ಆರ್ ಕಿತ ಒದ್ದ." ಅವಳು ಎಲೆಯಡಿಕೆಯ ರಸ ಉಗುಳಿದಳು. "ಕಾಲ್ ಮುರೀತೀನಿ ಅಂದ್ಯಲ್ಲ. ಆ ಕಾಲು ಮೊದ್ಲು ಬಂದಿದ್ದು ಕಣ್ಲಾ. ತಲೆ ಅಲ್ಲ. ಎಡಗಾಲು."

ಅವನು ಸೌದೆ ಜೋಡಿಸುತ್ತಿದ್ದ.

"ಅವ್ರವ್ವ ಇಲ್ಲೇ ಸೊಪ್ಪು ಕಟ್ತಿದ್ಲು, ತುಂಬ್ದೊಟ್ಟೆ. ಭಾಷೆ ಬರದು. ನೋವು ಅನ್ನಕ್ಕೂ ಬರದು. ಕಡ್ಡಿ ಕಚ್ಕಂಡು ಕೂತವ್ಳೆ. ನಾನ್ ನಿಂಗೆ ಹಾಲ್ ಕೊಡ್ತಿದ್ದೆ, ಎಂಟ್ ತಿಂಗ್ಳು ನಿಂಗೆ. ನಿನ್ ಆ ರಾಶಿ ಮೇಲ್ ಮಲಗ್ಸಿ ಅವ್ಳನ್ನ ಬ್ಯಾರನ್ ಒಳಗ್ ಎಳ್ಕಂಡೋದೆ. ಹಿಂದ್ಲ ದಿನ ಸೊಪ್ಪು ಇಳ್ಸಿದ್ರು, ನೆಲ ಇನ್ನೂ ಬೆಚ್ಚಗಿತ್ತು. ಅವ್ಳು ನನ್ ಕೈ ಕಚ್ಚುದ್ಲು, ಇಲ್ನೋಡು." ತೋರಿಸಿದ ಜಾಗದಲ್ಲಿ ಈಗ ಬರೀ ಸುಕ್ಕು. "ಕೂಸು ಬಂದ್ಮೇಲೆ ನೋಡ್ತೀನಿ, ನೀನು ಮಣ್ ತಿಂತಿದ್ದೆ."

"ಇವೆಲ್ಲ ಈಗ್ಯಾಕವ್ವ?"

"ಯಾಕಾ? ಆ ಕಲ್ಲು ಯಾಕ್ ಮಡಗಿವ್ನಿ ಅಂದ್ಕಂಡಿದ್ದೀಯ?"

ಬ್ಯಾರನ್ನಿನ ಹಿಂದೆ, ನೀರು ಬೀಳದ ಮೂಲೆಯಲ್ಲಿ, ಒಂದು ಚಪ್ಪಟೆ ಕಲ್ಲಿತ್ತು. ಪ್ರತಿವರ್ಷ ಮೊದಲ ಒಲೆ ಹಚ್ಚುವ ಮುನ್ನ ಪುಟ್ಟಲಕ್ಷ್ಮಿ ಅದಕ್ಕೆ ಅರಿಶಿನ ಕುಂಕುಮ ಇಡುತ್ತಿದ್ದಳು. ಸೊಪ್ಪಿಗೆ ಒಳ್ಳೆಯ ಬಣ್ಣ ಬರಲಿ ಅಂತ ನಂಜುಂಡಸ್ವಾಮಿ ತಿಳಿದಿದ್ದ. ಅವನೂ ಕೈ ಮುಗಿಯುತ್ತಿದ್ದ. ಹೊಗೆಸೊಪ್ಪು ಬೆಳೆಯುವ ತನ್ನ ಲೈಸೆನ್ಸಿನ ಕಾಗದವನ್ನು ಒಮ್ಮೆ ಅದರ ಮೇಲಿಟ್ಟು ಪೂಜೆ ಮಾಡಿಸಿದ್ದ.

"ಕೂಸಿನ್ ಹಿಂದೆ ಬಿದ್ದ ಅವನ್ ಮಾಸು ಹೂತಿರೋ ಜಾಗ ಅದು. ನಾಯಿ ಕೆದರಬಾರ್ದು ಅಂತ ಕಲ್ಲು. ಯಾವ್ ನೆಲ ಕೂಸಿನ್ ಮಾಸು ಇಸ್ಕತದೋ ಅದಕ್ಕೆ ಕೈ ಮುಗೀಬೇಕು ಅಂತ ನಮ್ಮತ್ತೆ ಯೇಳ್ಕೊಟ್ಟಿದ್ಲು."

ಇಷ್ಟು ವರ್ಷ ಕೈ ಮುಗಿದದ್ದು ಅವನ ಮಾಸಿಗೆ. ನಂಜುಂಡಸ್ವಾಮಿಗೆ ನಗಬೇಕೋ ಕಲ್ಲನ್ನು ಕಿತ್ತು ಎಸೆಯಬೇಕೋ ತಿಳಿಯಲಿಲ್ಲ. ಬಾಯಿಂದ ಬಂದದ್ದು ಬೇರೆಯೇ: "ನಂದೆಲ್ಲೈತೆ?"

"ನಿಂದಾ? ಮನೆ ಹಿಂದೆ ಬೇವಿನ್ ಮರದ ತಾವ ಇತ್ತು. ಮರ ಕಡ್ದು ಬಚ್ಚಲು ಕಟ್ಟಿಸ್ದ್ಯಲ್ಲ ನೀನು, ಅದರಡೀಲಿ ಎಲ್ಲೋ."

ಸೊಪ್ಪು ಕಟ್ಟುವ ಹೆಂಗಸರು ಗೊಳ್ಳೆಂದು ನಕ್ಕರು. ಮುದುಕಿಯೂ ವಸಡು ತೋರಿಸಿ ನಕ್ಕಳು. ನಂಜುಂಡಸ್ವಾಮಿಯ ಕಿವಿ ಬಿಸಿಯಾಯಿತು. ಆ ನಗುವಿನಲ್ಲೇ ಎಲ್ಲ ಸರಿಹೋಗಬಹುದಿತ್ತು ಎಂದು ಅವನಿಗೆ ಅನ್ನಿಸಿದ್ದು ಆಮೇಲೆ.

"ಬೈಕ್ ತಗಿ," ಅಂದಳು ಪುಟ್ಟಲಕ್ಷ್ಮಿ. "ಪಿರಿಯಾಪಟ್ಟಣಕ್ ಬುಡು ನನ್ನ. ಒಂದ್ ಹೆಬ್ಬೆಟ್ಟು ತಾನೆ? ತಿಂಗಳಿಂದ ಅವ್ನು ಕೇಳ್ತಾವ್ನೆ, ನೀನು ಮಂಡಿ ನೋವು ಅಂದೆ, ಮಳೆ ಅಂದೆ, ಸೊಪ್ಪು ಅಂದೆ."

"ಒಲೆ ಬುಟ್ಟು ಎಲ್ಲಿಗ್ ಬರ್ಲಿ? ಬಣ್ಣ ತಿರುಗ್ತಾ ಐತೆ. ಈಗ ಎದ್ದೋದ್ರೆ ಇಡೀ ಬ್ಯಾರನ್ನು ಹಾಳು."

"ನಿನ್ ಹೆಂಡ್ತಿ ಸುನಂದ ನೋಡ್ಕತಾಳೆ. ನಿನಗಿಂತ ಚೆಂದ ನೋಡ್ಕತಾಳೆ."

"ಆಗಲ್ಲ ಕಣವ್ವ."

ಅವಳು ಕೋಲಿನ ತುದಿಯಿಂದ ನೆಲದಲ್ಲಿ ಬಿದ್ದಿದ್ದ ಸೊಪ್ಪಿನ ಎಲೆಯೊಂದನ್ನು ತಿರುಗಿಸಿದಳು, ಮತ್ತೆ ತಿರುಗಿಸಿದಳು. "ನಂಗೆ ಬುದ್ಧಿ ನೆಟ್ಟಗಿಲ್ಲ ಅಂತ ಬರ್ಸಿದ್ಯಂತೆ?"

ಅದನ್ನು ಅವಳು ಕೇಳಿಸಿಕೊಂಡಿರಲಾರಳು ಎಂದು ಬೆಳಗಿನಿಂದ ನಂಬಿಕೊಂಡು ಕೂತಿದ್ದ. "ಸುಮ್ನೆ ಬಾಯ್ಮಾತ್ಗೆ ಅಂದಿದ್ದವ್ವ. ಅವ್ರು ಏನೇನೋ ಕೇಳ್ತಾರೆ, ನಿನ್ನ ಸ್ಟೇಷನ್ನಿಗೆಲ್ಲ ಅಲಿಸ್ತಾರೆ ಅಂತ…"

"ಬರ್ಕೊಟ್ಯಾ?"

"ಅವ್ರು ಬರ್ಕಂಡ್ರು."

"ನೀನು ಸೈನ್ ಹಾಕ್ದ್ಯಾ?"

ಅವನು ಒಲೆಯ ಕಡೆ ತಿರುಗಿದ. ಒಲೆಯೊಳಗೆ ಒಂದು ಸೌದೆ ಸಿಡಿಯಿತು.

"ನಿಂಗೆ ಸೈನ್ ಹಾಕಕ್ಕೆ ಕಲಿಸ್ಲಿ ಅಂತ ಇಸ್ಕೂಲಿಗೆ ಕಳ್ಸಿದ್ದು. ನಂಗೆ ಹೆಬ್ಬೆಟ್ಟೇ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಹೆರಿಗೆಯ ಕೋಣೆಯಿಂದ ಹೊರಬಂದು ಕಾಯುತ್ತಿದ್ದ ಗಂಡಸರಿಗೆ ಗಂಡೋ ಹೆಣ್ಣೋ ಹೇಳುವಾಗಿನ ಬರೀ ಸುದ್ದಿಯ ದನಿ. "ನಂಗೆ ಬುದ್ಧಿ ಇಲ್ಲ ಅಂತ ಸರ್ಕಾರ ಬರ್ಕಂಡ್ರೆ, ನಾನ್ ಎಳ್ಕಂಡ್ ಕೂಸುಗಳೆಲ್ಲ ಎಲ್ಲಿಂದ ಬಂದ್ವಪ್ಪಾ? ನೀನೆಲ್ಲಿಂದ ಬಂದೆ? ನಿಂಗ್ ಯಾರ್ ಸಾಕ್ಷಿ?"

ಎದ್ದಳು. ಏಳಲು ಕೈ ಕೊಡಲು ಅವನು ಮುಂದೆ ಬಂದ. ಅವಳು ಕೈ ಹಿಡಿಯದೆ ಕಟ್ಟೆ ಹಿಡಿದು ಎದ್ದಳು. ಮನೆಗೆ ಹೋದಳು. ಸಿಟ್ಟು ಇಳಿಯಲಿ, ಉಂಡು ಮಲಗಿ ಏಳಲಿ, ಸಂಜೆ ಕೂತು ಹೇಳಿದರೆ ಆಯಿತು ಎಂದುಕೊಂಡ. ಏನು ಹೇಳುವುದೆಂದು ಗೊತ್ತಿರಲಿಲ್ಲ. ನಾಲ್ಕು ಎಕರೆ ಹೋದರೆ ಮನೆಯಲ್ಲಿ ಎಲ್ಲರ ಅನ್ನ ಅರ್ಧವಾಗುತ್ತದೆ ಅವ್ವಾ ಎನ್ನಬಹುದು. ಅದು ನಿಜ. ನಿಜವಾದದ್ದೇ ಸಾಕಷ್ಟಿದೆ, ಎಲ್ಲವನ್ನೂ ಒಟ್ಟಿಗೆ ಜೋಡಿಸಿದರೆ ಯಾಕೋ ಕಳ್ಳನ ಮಾತಿನ ಹಾಗೆ ಕೇಳುತ್ತದೆ.

ಕಾವು ಎರಡು ಡಿಗ್ರಿ ಏರಿತ್ತು. ಗಾಳಿಕಿಂಡಿ ತೆರೆದು, ಸೌದೆ ಹಿಂದಕ್ಕೆಳೆದು, ಅದನ್ನು ಸರಿಮಾಡುವಷ್ಟರಲ್ಲಿ ಹೊತ್ತು ಹೋಯಿತು. ಒಬ್ಬ ಹೆಂಗಸು "ಅಣ್ಣಾ, ಅಜ್ಜಿ ನೋಡಿ" ಎಂದಾಗ ತಲೆಯೆತ್ತಿದ. ಪುಟ್ಟಲಕ್ಷ್ಮಿ ಬಿಳಿ ಸೀರೆ ಉಟ್ಟು, ಕಂಕುಳಲ್ಲಿ ಒಂದು ಚೀಲ ಅವುಚಿಕೊಂಡು, ಹೊಲದ ಬದುವಿನ ಮೇಲೆ ಹೋಗುತ್ತಿದ್ದಳು. ರಸ್ತೆಯ ಕಡೆಗಲ್ಲ, ಕ್ಯಾಂಪಿನ ಕಡೆಗೆ. ಒಂದೂವರೆ ಮೈಲಿ. ಅವಳ ಎಡಕ್ಕೆ ಅವನ ಹೊಲ, ಬಲಕ್ಕೆ ಆ ನಾಲ್ಕು ಎಕರೆ, ಎರಡರಲ್ಲೂ ಒಂದೇ ಎತ್ತರಕ್ಕೆ ಬೆಳೆದ ಸೊಪ್ಪು. ಇಲ್ಲಿಂದ ನೋಡಿದರೆ ಯಾವುದು ಯಾರದೆಂದು ಹೇಳಲಾಗುತ್ತಿರಲಿಲ್ಲ. ಕೂಗಿದರೆ ಕೇಳಿಸುವಷ್ಟೇ ದೂರ. ಕಿವಿ ನೆಟ್ಟಗಿದೆ ಎಂದು ಅವಳೇ ಹೇಳಿದ್ದಳು. ಬಾಯಿ ತೆರೆದ. ಹೆಂಗಸರು ನೋಡುತ್ತಿದ್ದರು. ಎಲ್ಲರ ಮುಂದೆ ಅವ್ವಾ ಎಂದು ಕೂಗಿ ಅವಳು ತಿರುಗಿ ನೋಡದೆ ಹೋದರೆ? ಬದುವಿನ ನಡುವೆ ಅವಳು ನಿಂತಳು. ಈಗ ತಿರುಗುತ್ತಾಳೆ ಎಂದುಕೊಂಡ. ಅವಳು ಬಗ್ಗಿದಳು, ಕೆಸರಿಗೆ ಹೂತ ಚಪ್ಪಲಿಗಳನ್ನು ಒಂದೊಂದಾಗಿ ಕಿತ್ತು, ಒಂದಕ್ಕೊಂದು ಬಡಿದು ಮಣ್ಣು ಉದುರಿಸಿ, ಕೈಯಲ್ಲಿ ಹಿಡಿದುಕೊಂಡು ಮುಂದೆ ನಡೆದಳು. ಸೊಪ್ಪಿನ ಮೇಲೆ ಅವಳ ತಲೆ ಸ್ವಲ್ಪ ಹೊತ್ತು ಕಂಡಿತು.

ಸಂಜೆ ಅವನು ಸುನಂದಮ್ಮನಿಗೆ ಕೇಳುವಂತೆ, "ಅವ್ನು ಸ್ಕೂಟರ್ನಾಗೆ ತಂದ್ ಬುಡ್ತಾನೆ ಬುಡು, ರಸ್ತೆ ಗಂಟ ಆದ್ರೂ ಬುಡ್ತಾನೆ," ಎಂದ. ಸುನಂದಮ್ಮ ಎಸರಿಗೆ ಹಿಟ್ಟು ಹಾಕಿದಳು. ಅವಳು ಬೆಳಗಿನಿಂದ ಅವನೊಡನೆ ಒಂದು ಮಾತೂ ಆಡಿರಲಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಹಿಟ್ಟು ತೊಳಸಿ ಮೂರು ಮುದ್ದೆ ಕಟ್ಟಿ ತಟ್ಟೆಯಲ್ಲಿ ಸಾಲಾಗಿಟ್ಟಳು. ಹಸುವಿಗೆ ಹುಲ್ಲು ಹಾಕಿ ಬಂದಳು. ದೂರದಲ್ಲಿ ಒಂದೆರಡು ಗಾಡಿಗಳ ಸದ್ದಾಯಿತು, ಯಾವುದೂ ಆರು ಸಲ ಒದೆಸಿಕೊಳ್ಳುವ ಸ್ಕೂಟರಿನದಲ್ಲ. ಮುದ್ದೆಯ ಮೇಲಿನ ಹಬೆ ನಿಂತಿತು. ಸುನಂದಮ್ಮ ಜಗಲಿಗೆ ಹೋದಳು. ಅಲ್ಲಿ ಏನನ್ನೋ ತಡವಿದಳು, ಚಾಪೆ ಎತ್ತಿ ಕೊಡವಿದಳು, ಗೂಡಿನಲ್ಲಿ ಕೈಯಾಡಿಸಿದಳು.

"ಕುಟ್ಟಾಣಿ ಇಲ್ಲ," ಎಂದಳು.

ಹೆಬ್ಬೆಟ್ಟು ಒತ್ತಿ ಬರಲು ಹೋದವರು ಕುಟ್ಟಾಣಿ ತೆಗೆದುಕೊಂಡು ಹೋಗುವುದಿಲ್ಲ. ಒಳಗೆ ಬಂದವಳು ಮೂರನೆಯ ಮುದ್ದೆಯನ್ನು ತಟ್ಟೆಯಿಂದ ಎತ್ತಿಕೊಂಡು ಹಿತ್ತಿಲಿಗೆ ಹೋಗಿ ಹಸುವಿನ ಬಾನಿಗೆ ಹಾಕಿದಳು. ನಂಜುಂಡಸ್ವಾಮಿ ಕಪ್ಪು ಅಂಗೈಯಲ್ಲಿ ತನ್ನ ಮುದ್ದೆ ಮುರಿದ. ಹಿತ್ತಿಲಿನಿಂದ ಸುನಂದಮ್ಮ ಹಸುವನ್ನು ಕರೆಯುವುದು ಕೇಳಿಸಿತು. ಗೌರಿ, ಗೌರಿ, ಬಾ.